ತಗಡಿನ ಮೇಲೆ ಚೌಳು ಮಣ್ಣು

ನನ್ನ ಮೊಮ್ಮಗಳು ಕಣ್ಣು ಬಿಟ್ಟ ಮನೆಗೆ ತಗಡಿನ ಸೂರಿತ್ತು. ಹೇಳಿದರೆ ಅವಳು ನಂಬುವುದಿಲ್ಲ. "ಸಚ್ಚೀ, ಅಜ್ಜೀ? ತಗಡಾ? ಈ ಸರ್ದಿಯಲ್ಲಾ, ಇಂಥ ಚಳಿಯಲ್ಲಾ?" ಎನ್ನುತ್ತಾಳೆ. ಹೌದಮ್ಮಾ, ತಗಡೇ. ಅದನ್ನೇ ಬರೆಯೋಣವೆಂದು ಕೂತಿದ್ದೇನೆ. ನಾನು ಮೂರನೇ ಕ್ಲಾಸಿನ ತನಕ ಓದಿದವಳು. ಒತ್ತಕ್ಷರ ಬಂದಾಗ ಈಗಲೂ ಕೈ ತಡೆಯುತ್ತದೆ. ಆದರೆ ಇವಳ ವಿಷಯ ಬಂತೆಂದರೆ ನನ್ನನ್ನು ತಡೆಯುವವರಿಲ್ಲ. ಎಷ್ಟು ಎತ್ತರ ಬೆಳೆದಿದ್ದಾಳೆ ಅಂತೀರಿ! ನಕ್ಕರೆ ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದು. ಥೇಟ್ ಅವಳ ತಾತನದೇ. ಆ ಸಂದು ಕಂಡಾಗಲೆಲ್ಲ ಎತ್ತಿ ಮುದ್ದಾಡುವಷ್ಟು ಸಂತೋಷ ಬರುತ್ತದೆ.

ದಿಲ್ಲಿಯ ಪೂಸಾ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ನಮ್ಮ ಯಜಮಾನರು ಸರಕಾರಿ ಕಚೇರಿಯಲ್ಲಿ ಫೈಲು ಹೊತ್ತು ಹೊತ್ತು ನಿವೃತ್ತರಾಗಿದ್ದರು. ಕ್ವಾರ್ಟರ್ಸ್ ಬಿಟ್ಟುಕೊಟ್ಟು ಓಲ್ಡ್ ರಾಜಿಂದರ್ ನಗರದ ಒಂದು ಮನೆಯ ತಾರಸಿಗೆ ಬಾಡಿಗೆಗೆ ಬಂದಿದ್ದೆವು. ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆಗೆ ಅಲ್ಲಿ ಬರಸಾತಿ ಅನ್ನುತ್ತಾರೆ. ಒಂದು ಕೋಣೆ, ಮೂಲೆಯಲ್ಲಿ ಒಲೆ, ಮೇಲೆ ತಗಡು. ಕೆಳಗಿನ ಮಹಡಿಗಳಲ್ಲೆಲ್ಲ ಐಎಎಸ್ ಓದುವ ಮಕ್ಕಳು. ಬಿಸಿಲು ಬಂದರೆ ಪುಸ್ತಕ ಹಿಡಿದು ತಾರಸಿಗೇ ಬರುತ್ತಿದ್ದರು. ಎಲ್ಲಕ್ಕಿಂತ ಕೆಳಗೆ ಮನೆಯೊಡತಿ, ಪಂಜಾಬಿ ಹೆಂಗಸು. ಬಾಯಿ ಜೋರು, ಕೈ ಧಾರಾಳ.

ನಮಗೆ ಒಬ್ಬಳೇ ಮಗಳು. ಅಳಿಯ ಸೈನ್ಯದವನು, ಆಗ ಗಡಿಯಲ್ಲಿದ್ದ. ಮಗಳಿಗೆ ಚೊಚ್ಚಲ ಬಸಿರು, ಸಂಕ್ರಾಂತಿಯ ಹೊತ್ತಿಗೆ ಹೆರಿಗೆ. ಚೊಚ್ಚಲು ತವರಿನಲ್ಲೇ ಆಗಬೇಕು. ತವರೆಂದರೆ ಆ ತಗಡಿನ ಕೋಣೆ.

ಆ ತಗಡೋ, ಹಿಂದಿನ ಚಳಿಗಾಲವೆಲ್ಲ ಸೋರಿತ್ತು. ಮಳೆಯಿಲ್ಲದೆ ಸೋರಿತ್ತು! ಮಂಜು ಕವಿದ ದಿನ ಬೆಳಗಾಗುವುದರೊಳಗೆ ಮೇಲಿಂದ ತಟಕ್ ತಟಕ್ ಎಂದು ಹನಿ. ರಜಾಯಿ ಒದ್ದೆ, ದಿಂಬು ಒದ್ದೆ. ಯಜಮಾನರು ಮೊಳೆಯ ತೂತಿಗೆಲ್ಲ ಡಾಂಬರು ಮೆತ್ತಿದ್ದರು. ಆದರೂ ಹನಿ ನಿಂತಿರಲಿಲ್ಲ.

"ದೊಡ್ಡವರು ನಾವು ಹೇಗೋ ತಡ್ಕೊಂಡ್ವಿ. ಕೂಸಿನ ನೆತ್ತಿ ಮೇಲೆ ಒಂದೇ ಒಂದು ಹನಿ ಬಿತ್ತೋ, ನಾನು ತಾತ ಅಲ್ಲ," ಎಂದರು.

"ನೆಲದ ಮೇಲಿನ ಮನೆ ನೋಡೋಣ ಅಂದ್ರೆ ಕೇಳಲ್ಲ."

"ಈಗ ಎಲ್ಲಿ ಹುಡುಕ್ತೀಯೇ? ನಾನು ಮಾಳಿಗೆ ಮನೆಯವನು. ಸೂರಿನ ವಿಷಯ ನನಗೆ ಬಿಡು."

ಮಾಳಿಗೆ ಎಂದರೆ ಏನೆಂದು ಹೇಳಬೇಕು. ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಅಲ್ಲಿ ಮನೆಗಳಿಗೆ ಹೆಂಚಿಲ್ಲ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು. ಚೌಳು ಎಂದರೆ ಉಪ್ಪಿನಂಶದ ಮಣ್ಣು. ಅದರಲ್ಲಿ ಗರಿಕೆಯೂ ಹುಟ್ಟುವುದಿಲ್ಲ, ಅದರೊಳಗೆ ನೀರೂ ಇಳಿಯುವುದಿಲ್ಲ. ಮಳೆಗಾಲದ ಮುಂಚೆ ಪ್ರತಿ ಮನೆಯವರೂ ಹಳ್ಳದ ದಂಡೆಯಿಂದ ಚೌಳು ಹೊತ್ತು ತಂದು ಮಾಳಿಗೆಗೆ ಹರಡಿ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಬಡಿಯುತ್ತಿದ್ದರು. ಒಳ್ಳೆಯ ಚೌಳೋ ಅಲ್ಲವೋ ಎಂದು ನಾಲಿಗೆಗೆ ಚಿಟಿಕೆ ಇಟ್ಟುಕೊಂಡು ನೋಡುತ್ತಿದ್ದರು. ನಮ್ಮ ಯಜಮಾನರ ನಾಲಿಗೆ ಅದರಲ್ಲಿ ಊರಿಗೇ ಹೆಸರಾದದ್ದು.

ದಸರೆಗೆ ಒಬ್ಬರೇ ಊರಿಗೆ ಹೋದರು. ಬರುವಾಗ ರೈಲಿನಲ್ಲಿ ಚೌಳು ಮಣ್ಣಿನ ಮೂಟೆಗಳು! ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಪೊಲೀಸಿನವನು ಲಾಠಿಯಿಂದ ಮೂಟೆ ತಿವಿದ.

"ಇಸ್‌ಮೇ ಕ್ಯಾ ಹೈ, ತಾಊ?"

"ಮಿಟ್ಟೀ."

"ಮಿಟ್ಟೀ? ಕ್ಯೋಂ, ದಿಲ್ಲಿಯಲ್ಲಿ ಮಿಟ್ಟಿ ಮುಗಿದುಹೋಯಿತಾ?" ಎಂಬರ್ಥದಲ್ಲಿ ಅವನು ಹಿಂದಿಯಲ್ಲಿ ಕೇಳಿ ನಕ್ಕ. ಮೂಟೆಯ ಬಾಯಿ ಬಿಚ್ಚಿಸಿ ನೋಡಿದ. ನಮ್ಮವರು ಚಿಟಿಕೆ ತೆಗೆದು ತಮ್ಮ ನಾಲಿಗೆಗಿಟ್ಟುಕೊಂಡು, ಇನ್ನೊಂದು ಚಿಟಿಕೆಯನ್ನು ಅವನ ಮುಂದೆ ಹಿಡಿದರು. "ಖಾಕೇ ದೇಖೋ. ನಮ್‌ಕೀನ್ ಹೈ." ತಿಂದು ನೋಡು, ಉಪ್ಪುಪ್ಪಾಗಿದೆ ಅಂತ. ಪೊಲೀಸಿನವನು ಹಣೆ ಚಚ್ಚಿಕೊಂಡು "ಚಲೋ, ಚಲೋ" ಎಂದು ಕಳಿಸಿಬಿಟ್ಟ. ಆಟೋದಲ್ಲಿ ಮೂಟೆಗಳ ಮೇಲೆ ಕೂತು ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಆ ನಗುವನ್ನು ನಾನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ದೀಪಾವಳಿ ಕಳೆದ ಮೇಲೆ ಕೆಲಸ ಶುರುವಾಯಿತು. ತಗಡಿನ ಮೇಲೆ ಗೋಣಿ ಹಾಸಿದರು, ಅಂಚಿಗೆ ಇಟ್ಟಿಗೆ ಜೋಡಿಸಿದರು, ಹುಲ್ಲು ಕಲಸಿದ ಮಣ್ಣು ಹರಡಿದರು. ಚೌಳಿನ ಮೊದಲ ಬುಟ್ಟಿಯನ್ನು ಮನೆಯ ಹೆಂಗಸು ಮುಟ್ಟಿ ಕೊಡಬೇಕೆಂದು ನಮ್ಮಲ್ಲಿ ರೂಢಿ. ನಾನು ಅರಿಸಿನ ಕುಂಕುಮ ಇಟ್ಟು ಏಣಿಯ ಕೆಳಗಿಂದ ಎತ್ತಿ ಕೊಟ್ಟೆ. ಮನೆಯೊಡತಿ ಸೊಂಟಕ್ಕೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಬಾಬೂಜೀ, ಛತ್ ಪೇ ಗೇಹೂಂ ಬೋಓಗೇ ಕ್ಯಾ?" ಎಂದಳು. ಸೂರಿನ ಮೇಲೆ ಗೋಧಿ ಬಿತ್ತುತ್ತೀರಾ ಅಂತ.

"ಬೆಳೆದರೆ ಅರ್ಧ ನಿಮಗೆ," ಎಂದರು ಇವರು ಮೇಲಿಂದಲೇ.

ಓದುವ ಮಕ್ಕಳೆಲ್ಲ ಪುಸ್ತಕ ಮಡಚಿ ನಕ್ಕರು. ಇವರಿಗೆ ಎಲ್ಲಿಲ್ಲದ ಹುರುಪು. ಕೊಡತಿ ಬಡಿದೂ ಬಡಿದೂ ಸೂರನ್ನು ಹಲಗೆಯಂತೆ ಮಾಡಿದರು. ಬಾಣಂತಿಗೆ ಗಾಳಿ ತಾಗಬಾರದೆಂದು ಗೋಡೆಯ ಮೇಲ್ತುದಿಯಲ್ಲಿ ಹೋದ ಚಳಿಗಾಲ ಬರೀ ರಟ್ಟು ಮುಚ್ಚಿದ್ದ ಕಿಂಡಿಗೂ ಈ ಸಲ ಹಳೆ ಸೀರೆ ಗೋಣಿ ತುರುಕಿ ಭದ್ರಪಡಿಸಿದರು. ಬಾಗಿಲ ಸಂದಿಗೆ ಬಟ್ಟೆಯ ಸುರುಳಿ. "ನೋಡೇ, ಇರುವೆ ನುಗ್ಗೋಕೂ ದಾರಿ ಇಲ್ಲ," ಎಂದು ಅಂಗೈ ಕೊಡವಿದರು. ನಾನೂ ಹೌದೆಂದೆ. ಬಾಣಂತಿಯ ಕೋಣೆ ಎಂದರೆ ಹಾಗೇ ಇರಬೇಕೆಂದು ನನಗೂ ಗೊತ್ತಿದ್ದದ್ದು.

ಡಿಸೆಂಬರಿನಲ್ಲಿ ಮಗಳು ತುಂಬು ಹೊಟ್ಟೆ ಹೊತ್ತು ಬಂದಳು. ಮಂಜೂ ಬಂತು, ಎದುರು ಮನೆ ಕಾಣದಷ್ಟು. ಮೊದಲ ಬೆಳಗ್ಗೆಯೇ ಹನಿ. ಮಗಳ ರಜಾಯಿಯ ಮೇಲೆ, ನನ್ನ ಹಣೆಯ ಮೇಲೆ. ಇವರ ಮಂಚದ ಮೇಲಂತೂ ಹಿಂದಿನ ವರ್ಷಕ್ಕಿಂತ ಜಾಸ್ತಿ.

"ಅಪ್ಪಾ, ಛೋಡೋ ನಾ. ಪ್ಲಾಸ್ಟಿಕ್ ಕಟ್ಟೋಣ," ಎಂದಳು ಮಗಳು.

"ಚೌಳು ಸೋರಿದ್ದು ಯಾವ ಕಾಲದಲ್ಲಾದರೂ ಉಂಟೇನೇ? ಎಲ್ಲೋ ತೆಳ್ಳಗಾಗಿದೆ," ಎಂದು ಮಫ್ಲರ್ ಸುತ್ತಿಕೊಂಡು ಏಣಿ ಹತ್ತಿಯೇಬಿಟ್ಟರು.

ಆಮೇಲೆ ದಿನಾ ಅದೇ. ಹನಿ ಬಿದ್ದ ಜಾಗವನ್ನು ಒಳಗಿಂದ ಗುರುತು ಮಾಡಿಕೊಳ್ಳುವುದು, ಮೇಲೆ ಹತ್ತಿ ಮಂಜಿನಲ್ಲಿ ಮೊಣಕಾಲೂರಿ ಅದೇ ಜಾಗಕ್ಕೆ ಮತ್ತೆ ಚೌಳು ಹಾಕುವುದು, ಬಡಿಯುವುದು. ಬಿಸಿಲಿಲ್ಲದೆ ಮಣ್ಣು ಒಣಗುತ್ತಲೇ ಇರಲಿಲ್ಲ. ಒಳಗೆ ಕೂತ ನಮಗೆ ತಗಡಿನ ಮೇಲೆ ಧಬ್ ಧಬ್ ಎಂಬ ಸದ್ದು, ನಡುನಡುವೆ ಕೆಮ್ಮು. "ಇಳೀರೀ, ಸಾಕು," ಎಂದು ನಾನು ಕೂಗುತ್ತಿದ್ದೆ. "ಇದೊಂದು ಮೂಲೆ," ಎನ್ನುತ್ತಿದ್ದರು. ದಿನ ಕಳೆದ ಹಾಗೆ ಕೊಡತಿಯ ಸದ್ದು ಕಡಿಮೆಯಾಯಿತು, ಕೆಮ್ಮಿನದು ಜಾಸ್ತಿಯಾಯಿತು. ಜ್ವರ ಬಂತು. ಒಂದು ಬೆಳಗ್ಗೆ ಅರ್ಧ ಏಣಿ ಹತ್ತಿ ಅಲ್ಲೇ ತಲೆಯಾನಿಸಿ ನಿಂತುಬಿಟ್ಟರು. ಓದುವ ಮಕ್ಕಳೇ ಇಳಿಸಿ ಟ್ಯಾಕ್ಸಿಗೆ ಹಾಕಿದರು.

ನ್ಯುಮೋನಿಯಾ ಎಂದರು ಆಸ್ಪತ್ರೆಯಲ್ಲಿ. ನಾನು ಅವರ ಪಕ್ಕದ ನೆಲದಲ್ಲೇ ಉಳಿದೆ. ಮಗಳನ್ನು ಮನೆಯೊಡತಿ ತನ್ನ ಮನೆಗೆ ಕರೆದುಕೊಂಡಳು. "ಇವಳು ನನಗೂ ಮಗಳೇ. ಮೇಲೆ ಬೀಗ ಹಾಕು, ಹೋಗು," ಎಂದು ನನ್ನನ್ನು ಗದರಿಸಿ ಕಳಿಸಿದಳು.

ಆ ದಿನಗಳಲ್ಲಿ ಮಂಜು ತೆರವಾಗಲೇ ಇಲ್ಲ. ಅದರ ಮೇಲೆ ಒಂದು ಹಗಲು ಮಳೆಯೂ ಸುರಿಯಿತು. ಆಸ್ಪತ್ರೆಯ ಕಿಟಕಿಯಲ್ಲಿ ಮಳೆ ನೋಡಿ ಇವರು ನನ್ನ ಸೆರಗು ಹಿಡಿದರು. ಮಾತು ಕಷ್ಟವಾಗಿತ್ತು.

"ಹೋಗಿ ನೋಡ್ಕೊಂಡು ಬಾ."

ಏನನ್ನು ಅಂತ ಕೇಳುವ ಅಗತ್ಯವಿರಲಿಲ್ಲ. ಮಾರನೆಯ ಮಧ್ಯಾಹ್ನ ಹೋಗಿ ಬೀಗ ತೆಗೆದೆ. ಎಷ್ಟೋ ದಿನ ಮುಚ್ಚಿದ್ದ ಕೋಣೆ. ರಜಾಯಿ ಮುಟ್ಟಿದೆ, ಒಣ. ದಿಂಬು ಒಣ. ತಗಡಿಗೆ ಕೈ ಎಟುಕಿಸಿ ಸವರಿದೆ. ಅದೂ ಒಣ! ಇಷ್ಟು ಮಂಜು, ಇಷ್ಟು ಮಳೆ, ಒಂದೇ ಒಂದು ಹನಿ ಇಳಿದಿರಲಿಲ್ಲ. ಕುಣಿಯುವುದೊಂದು ಬಾಕಿ ನಾನು. ಬಸ್ಸಿನಲ್ಲಿ ಯಾರ್ಯಾರನ್ನೋ ನೂಕಿಕೊಂಡು ಆಸ್ಪತ್ರೆಗೆ ಓಡಿದೆ.

"ರೀ, ನಿಮ್ಮ ಚೌಳು ಗೆದ್ದುಬಿಡ್ತು! ಒಂದು ಹನಿನೂ ಬಿದ್ದಿಲ್ಲ ಕಣ್ರೀ. ಎಲ್ಲಾ ಒಣಗಿ ಗರಿಗರಿ ಇದೆ."

ಅವರು ಕಣ್ಣು ತೆರೆದರು. ಹಲ್ಲಿನ ಸಂದು ಕಾಣುವ ಹಾಗೆ ನಕ್ಕರು. "ನಾನು ಹೇಳಲಿಲ್ವಾ?" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ತೊಟ್ಟಿಲು ನನ್ನ ಮಂಚದ ಪಕ್ಕಕ್ಕೇ ಕಟ್ಟು," ಎಂದರು.

ಎರಡು ದಿನಕ್ಕೆ ಹೋಗಿಬಿಟ್ಟರು.

ಆಮೇಲಿನದನ್ನು ಹೆಚ್ಚು ಬರೆಯಲಾರೆ. ಅಳಿಯನಿಗೆ ಹಿಮದಿಂದ ದಾರಿ ಮುಚ್ಚಿತ್ತು, ಬರಲಾಗಲಿಲ್ಲ. ಓದುವ ಮಕ್ಕಳೇ ಹೆಗಲು ಕೊಟ್ಟರು. ನಾನು ಮಗಳನ್ನು ಕರೆದುಕೊಂಡು ನಮ್ಮ ಕೋಣೆಗೆ ಬಂದು ಬಾಗಿಲು ಭದ್ರವಾಗಿ ಮುಚ್ಚಿ ಮಲಗಿದೆ. ಒಂದು ಸಮಾಧಾನವಿತ್ತು: ಸೂರನ್ನು ಗೆದ್ದು ಹೋದರಲ್ಲ.

ಬೆಳಗ್ಗೆ ನನ್ನ ಕೆನ್ನೆಯ ಮೇಲೆ ಹನಿ ಬಿತ್ತು.

ಮೊದಲು ಕಣ್ಣೀರೆಂದುಕೊಂಡೆ. ಮೇಲೆ ನೋಡಿದರೆ ತಗಡಿನ ತುಂಬ ಹನಿ. ನನ್ನ ನೆತ್ತಿಯ ನೇರಕ್ಕೆ, ಮಗಳ ನೆತ್ತಿಯ ನೇರಕ್ಕೆ ಗುಂಪುಗುಂಪಾಗಿ ತೂಗುತ್ತಿದ್ದವು. ಇವರ ಮಂಚದ ಮೇಲಿನ ತಗಡು ಮಾತ್ರ ಒಣಗಿತ್ತು. ನನಗೆ ಏನೂ ಹೊಳೆಯಲಿಲ್ಲ. ಬೀಗ ಹಾಕಿದ್ದಾಗ ಸೋರದ ಸೂರು ನಾವು ಬಂದ ಕೂಡಲೇ ಸೋರುವುದೇಕೆ? ಎದ್ದು ಮಗಳಿಗೆ ಗಂಜಿಗಿಟ್ಟೆ. ಕುದಿ ಬಂದಾಗ ಮುಚ್ಚಳ ತೆಗೆದೆ. ಮುಚ್ಚಳದ ಒಳಮೈಯಿಂದ ನೀರು ತಟಕ್ ತಟಕ್ ಎಂದು ಒಲೆಗೆ ಬಿತ್ತು.

ಮುಚ್ಚಳ ಹಿಡಿದುಕೊಂಡು ಹಾಗೇ ನಿಂತೆ. ಜೀವಮಾನವಿಡೀ ದಿನಾ ಕಂಡ ನೀರು ಅದು. ಅದು ಹೊರಗಿಂದ ಬಂದದ್ದೇ?

ಸೂರು ಸೋರಿರಲೇ ಇಲ್ಲ. ಆ ಹನಿಗಳು ನಮ್ಮ ಉಸಿರು. ತಣ್ಣಗಿನ ತಗಡಿಗೆ ತಾಗಿ, ಹೋಗಲು ದಾರಿಯಿಲ್ಲದೆ ನೀರಾಗಿ ನಮ್ಮ ಮೇಲೇ ಬೀಳುತ್ತಿತ್ತು. ಸಂದಿಗಳನ್ನೆಲ್ಲ ಮುಚ್ಚಿದಷ್ಟೂ ಹೆಚ್ಚಾಗಿತ್ತು. ಊರಿನ ಮಾಳಿಗೆಯಲ್ಲಿ ನಡುವೆ ಒಂದು ಬೆಳಕಿಂಡಿ ಬಿಟ್ಟೇ ಚೌಳು ಹಾಕುತ್ತಿದ್ದೆವು. ಚೌಳನ್ನು ಅಷ್ಟು ದೂರದಿಂದ ಹೊತ್ತು ತಂದೆವು. ಕಿಂಡಿಯನ್ನು ಇಬ್ಬರೂ ಮರೆತೆವು. ತಮ್ಮದೇ ಉಸಿರನ್ನು ತಡೆಯಲು ಅವರು ಮಂಜಿನಲ್ಲಿ ಮೊಣಕಾಲೂರಿ, ಆ ಉಸಿರನ್ನೇ ಕಳೆದುಕೊಂಡರು. ನಗುನಗುತ್ತಾ ಹೋದರು, ಗೆದ್ದೆನೆಂದು. ಹಾಗಂತ ಹೇಳಿದವಳು ನಾನು. ನಾನೂ ನಂಬಿಯೇ ಹೇಳಿದ್ದು.

ಮಗಳಿಗೆ ಹೇಳಿದೆ. ಅವಳು ರಜಾಯಿಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನಾನು ಟ್ರಂಕಿನ ಮೇಲೆ ಹತ್ತಿ ಕಿಂಡಿಯಿಂದ ಅವರು ತುರುಕಿದ್ದ ಗೋಣಿಯನ್ನು ಎಳೆದೆ. ಎಷ್ಟು ಬಿಗಿಯಾಗಿ ತುರುಕಿದ್ದರೆಂದರೆ ನನ್ನ ಉಗುರು ಮುರಿಯಿತು. ಮನೆಯೊಡತಿ ಹಾಲು ಹಿಡಿದು ಮೇಲೆ ಬಂದವಳು ಕೂಗಿಕೊಂಡಳು.

"ಅರೇ, ಪಾಗಲ್ ಹೋ ಗಯೀ? ಜಚ್ಚಾ ಕೇ ಕಮರೇ ಮೇ ಹವಾ?"

ಬಾಣಂತಿಯ ಕೋಣೆಗೆ ಗಾಳಿಯೇ ಎಂದು ಅವಳಿಗೂ ನನ್ನಷ್ಟೇ ಗಾಬರಿ. ನಾನು ಮುಚ್ಚಳ ತೋರಿಸಿದೆ, ತಗಡು ತೋರಿಸಿದೆ, ಅವರ ಮಂಚದ ಮೇಲಿನ ಒಣ ಜಾಗ ತೋರಿಸಿದೆ. ಅವಳು ಅದನ್ನೇ ನೋಡುತ್ತ ಹಾಲನ್ನು ಕೆಳಗಿಟ್ಟಳು. "ಹಾಯ್ ರಬ್ಬಾ, ಬಾಬೂಜೀ," ಎಂದಳು, ಅಷ್ಟೇ. ಮಧ್ಯಾಹ್ನ ತನ್ನ ಮನೆಯಿಂದ ಒಂದು ದಪ್ಪ ಪರದೆ ತಂದು, ಗಾಳಿ ನೇರ ಮಂಚಕ್ಕೆ ಬಡಿಯದಂತೆ ಕಿಂಡಿಯ ಮುಂದೆ ತಾನೇ ಇಳಿಬಿಟ್ಟಳು.

ಸಂಕ್ರಾಂತಿಯ ಹಿಂದುಮುಂದಿನಲ್ಲಿ ನನ್ನ ಬಂಗಾರ ಹುಟ್ಟಿದಳು. ಅಂಗೈಯಗಲ ಮುಖ, ತಲೆ ತುಂಬ ಕೂದಲು! ಎತ್ತಿಕೊಂಡಾಗ ನನ್ನ ಬೆರಳು ಹಿಡಿದ ಬಿಗಿ ಎಂಥದ್ದು ಅಂತೀರಿ. ಸೂತಕದ ಮನೆಯೆಂಬುದನ್ನೂ ಮರೆತು ನಾನು ಗಟ್ಟಿಯಾಗಿ ನಕ್ಕೆ. ನಕ್ಕದ್ದು ಕೇಳಿ ನಾನೇ ಬೆಚ್ಚಿದೆ. ತೊಟ್ಟಿಲನ್ನು ಅವರು ಹೇಳಿದಂತೆ ಅವರ ಮಂಚದ ಪಕ್ಕಕ್ಕೇ ಕಟ್ಟಿಸಿದೆ.

ಕಿಂಡಿ ತೆರೆದ ಮೇಲೆ ಹನಿ ಬೀಳುವುದು ನಿಂತಿತು. ಆದರೆ ಬಹಳ ಚಳಿಯ ಬೆಳಗುಗಳಲ್ಲಿ ತಗಡಿನ ಮೇಲೆ ತೆಳ್ಳನೆಯ ತೇವ ಮೂಡುತ್ತಿತ್ತು. ಅವರ ಮಫ್ಲರ್ ಹಿಡಿದು ಟ್ರಂಕಿನ ಮೇಲೆ ನಿಂತು ದಿನಾ ಒರೆಸುತ್ತಿದ್ದೆ. ಒಂದು ದಿನ ನೋಡುತ್ತೇನೆ, ತೊಟ್ಟಿಲಿನ ನೇರಕ್ಕೆ ಒಂದು ಪುಟ್ಟ ತೇವದ ಗುರುತು, ರೊಟ್ಟಿಯಷ್ಟೂ ಇಲ್ಲ. ಅವಳ ಉಸಿರು! ಇಷ್ಟು ದಿನ ಬೈದ ನೀರನ್ನು ಅವತ್ತು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಮೆತ್ತಗೆ ಒರೆಸಿದೆ, ಅವಳ ನೆತ್ತಿಗೆ ಬೀಳದ ಹಾಗೆ.

ಪಕ್ಕದಲ್ಲೇ ಅವರ ಮಂಚದ ಮೇಲಿನ ತಗಡು. ಅಲ್ಲಿ ಹಳೆಯ ಹನಿಗಳು ಬಿಟ್ಟುಹೋದ ತುಕ್ಕಿನ ಉಂಗುರಗಳಷ್ಟೇ ಇದ್ದವು. ಮಫ್ಲರನ್ನು ಅಲ್ಲಿಗೂ ಚಾಚಿದೆ.

"ಅಲ್ಲೇನಿದೆಯಮ್ಮಾ? ಒಣಗಿದೆಯಲ್ಲ," ಎಂದಳು ಮಗಳು ಮಲಗಿದ್ದಲ್ಲಿಂದಲೇ.

"ಇರಲಿ ಬಿಡೇ," ಎಂದೆ. ಆ ಚಳಿಗಾಲ ಮುಗಿಯುವ ತನಕ ಒಣ ಜಾಗವನ್ನೂ ದಿನಾ ಒರೆಸಿದೆ.