ಮಧ್ಯದಲ್ಲಿ ನಿಲ್ಲದ ಮಿಷನ್ನು

ಹುಲ್ಲು ಕತ್ತರಿಸುವ ಮಿಷನ್ ಕೊಳ್ಳಲು ನಾವಿಬ್ಬರೂ ಚಾಮರಾಜನಗರಕ್ಕೆ ಹೋದ ದಿನ ನನ್ನ ಗಂಡನ ಬಲಗೈಯಲ್ಲಿ ಐದೂ ಬೆರಳಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಅಂತ ಎಳೆದಾಡಿದರೆ ನನಗೇ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ನಾನು ಬರೆಯುವವಳಲ್ಲ, ಬೈಯುವವಳು.

ಹಂಗಳ ದಾಟಿ ಕಾಡಿನ ಕಡೆ ಹೋಗುವಾಗ ಸಿಗುವ ಒಂದು ರೆಸಾರ್ಟಿನಲ್ಲಿ ನಮಗಿಬ್ಬರಿಗೂ ಕೆಲಸ. ಇವರು ಮಾಲಿ, ನಾನು ಹಾಸಿಗೆ ಬಟ್ಟೆ ಒಗೆಯುವ ಕಡೆ. ಊಟದ ಹಾಲಿನ ಮುಂದೆ ದೊಡ್ಡ ಹುಲ್ಲುಹಾಸು. ಅಷ್ಟು ನೆಲ ನಮಗಿದ್ದಿದ್ದರೆ ಅರಿಸಿನ ಹಾಕಿಕೊಂಡು ಯಾರ ಹಂಗೂ ಇಲ್ಲದೆ ಬದುಕುತ್ತಿದ್ದೆವು. ಮೊದಲು ಕರೆಂಟಿನ ಮಿಷನ್ ಇತ್ತು. ವೈರು ಇದ್ದರೆ ಕರೆಂಟಿಲ್ಲ, ಕರೆಂಟಿದ್ದರೆ ವೈರು ಸಾಲದು. ಅರ್ಧ ತಲೆ ಬೋಳಿಸಿದ ಹಾಗೆ ಹುಲ್ಲು ನಿಂತಿರುತ್ತಿತ್ತು. ಕೊನೆಗೊಂದು ದಿನ ಮ್ಯಾನೇಜರು ರೇಗಿ, "ಪೆಟ್ರೋಲಿಂದು ತಗೊಂಡು ಬನ್ನಿ. ನಂಬಿಕಸ್ತ ಮಾಲಾಗಿರಲಿ. ಮಧ್ಯದಲ್ಲಿ ನಿಲ್ಲಬಾರದು, ಅಷ್ಟೇ" ಅಂದರು. ತಳ್ಳುವವರು ಅಂತ ಇವರನ್ನು, ಜೊತೆಯಲ್ಲಿ ಬರುವ ಪುಸ್ತಕ ಓದಬಲ್ಲೆ ಅಂತ ನನ್ನನ್ನು ಕಳಿಸಿದರು.

ಪಂಪುಸೆಟ್ಟು, ಔಷಧಿ ಹೊಡೆಯುವ ಮಿಷನ್ನು ಮಾರುವ ಅಂಗಡಿ. ಅಂಗಡಿಯವರು ತಾಳ್ಮೆಯ ಮನುಷ್ಯ. "ದೊಡ್ಡ ಗಾರ್ಡನ್ನಿಗೆ ಸಣ್ಣ ಬ್ಲೇಡಿಂದು ತಗೋಬೇಡಿ, ನಡೆದೂ ನಡೆದೂ ಸೊಂಟ ಬಿದ್ದೋಗ್ತದೆ. ಎಣ್ಣೆ ಬೆರೆಸೋ ಇಂಜಿನ್ನೂ ಬೇಡ, ಬರೀ ಪೆಟ್ರೋಲ್ ಹುಯ್ಯೋದು ಇರಲಿ. ಚಕ್ರ ತಾನೇ ಎಳ್ಕೊಂಡು ಹೋಗ್ಬೇಕು. ಸ್ಪೇರು ಇಲ್ಲೇ ಸಿಗ್ಬೇಕು" ಅಂತ ಒಂದೊಂದಾಗಿ ಬಿಡಿಸಿ ಹೇಳಿದರು. ಇವರು ಎತ್ತು ಕೊಳ್ಳುವವರ ಹಾಗೆ ಸುತ್ತ ತಿರುಗಿ ನೋಡಿದರು, ಬಗ್ಗಿ ಬ್ಲೇಡು ನೋಡಿದರು, ಹಗ್ಗ ಎಳೆದು ಇಂಜಿನ್ನಿನ ಸದ್ದು ಕೇಳಿದರು. ಒಂದು ಕೆಂಪು ಮಿಷನ್ನು ಮನಸ್ಸಿಗೆ ಹಿಡಿಸಿತು. ಅದರ ಹಿಡಿಯ ಜೊತೆಗೆ ಒಂದು ಕಂಬಿ ಇತ್ತು. ಎರಡನ್ನೂ ಸೇರಿಸಿ ಹಿಡಿದಿದ್ದರೆ ಇಂಜಿನ್ ಓಡುತ್ತದೆ, ಕೈ ಬಿಟ್ಟರೆ ನಿಂತುಹೋಗುತ್ತದೆ.

"ಕೈ ಬುಟ್ಟೇಟ್ಗೆ ನಿಂತೋದ್ರೆ ಇದ್ಯಾವ ನಂಬಿಕಸ್ತ ಮಿಷನ್ನು ಸ್ವಾಮಿ?" ಅಂದರು ಇವರು.

"ಅದು ಇರೋದೇ ನಿಮ್ಮ ಕೈಗೋಸ್ಕರ" ಅಂದರು ಅಂಗಡಿಯವರು.

ಅದನ್ನೇ ಕೊಂಡೆವು. ಕೆಲವು ದಿನ ಇವರ ಗತ್ತೇ ಗತ್ತು. ಆಮೇಲೆ ಶುರುವಾಯಿತು ಗೋಳು. ಕಾಡುಹಂದಿಗಳು ಬಂದು ಹುಲ್ಲು ಕೆದರಿ ಕಲ್ಲು ಮೇಲೆ ಹಾಕಿ ಹೋಗುತ್ತಿದ್ದವು. ಒಂದೊಂದು ಕಲ್ಲು ಎತ್ತಲೂ ಕೈ ಬಿಡಬೇಕು, ಇಂಜಿನ್ ನಿಲ್ಲಬೇಕು, ಮತ್ತೆ ಹಗ್ಗ ಎಳೆಯಬೇಕು. ಇವರ ಭುಜ ಊದಿಕೊಂಡಿತು. ಅಷ್ಟು ಸಾಲದು ಅಂತ ಮ್ಯಾನೇಜರು ಕಿಟಕಿಯಲ್ಲಿ ತಲೆ ಹಾಕಿ, "ಯಾಕೋ ನಿಂತೋಯ್ತು? ಹೊಸ ಮಿಷನ್ ತಾನೇ?" ಅನ್ನುವರು. ಒಂದು ದಿನ ಇವರು ಹಳೇ ಸೈಕಲ್ ಟ್ಯೂಬಿನ ಪಟ್ಟಿ ತಂದು ಕಂಬಿಯನ್ನು ಹಿಡಿಗೆ ಬಿಗಿದು ಕಟ್ಟಿಬಿಟ್ಟರು. ಈಗ ಕೈ ಬಿಟ್ಟರೂ ಇಂಜಿನ್ ಓಡುತ್ತಲೇ ಇರುತ್ತಿತ್ತು.

"ಹಂಗ್ ಕಟ್ಬೇಡಿ ಅಂತ ಪುಸ್ತಕದಲ್ಲೇ ಬರ್ದದೆ ಕಣಿ" ಅಂದೆ.

"ಪುಸ್ತಕ ಬರ್ದೋನು ಬಂದು ಹಗ್ಗ ಎಳ್ದಾನಾ? ಸುಮ್ಕಿರಮ್ಮಿ" ಅಂದರು. ಮ್ಯಾನೇಜರು ನೋಡಿ, "ಪರವಾಗಿಲ್ವೇ, ತಲೆ ಓಡಿಸಿದೀಯ" ಅಂತ ಬೆನ್ನು ತಟ್ಟಿದರು. ಬೆಂಕಿ ಬೀಳಲಿ ಆ ಬೆನ್ನು ತಟ್ಟಿದ ಕೈಗೆ.

ಆಷಾಢದ ಜಿಟಿಜಿಟಿ ಮಳೆ. ಹುಲ್ಲು ಒದ್ದೆ. ಮಿಷನ್ನಿನ ಬಾಯಿಗೆ ಹಸಿ ಹುಲ್ಲು ಮೆತ್ತಿಕೊಂಡಿದೆ. ಇವರು ಕೈ ಹಾಕಿ ಕೀಳಲು ಹೋಗಿದ್ದಾರೆ, ಇಂಜಿನ್ ಓಡುತ್ತಿರುವಾಗಲೇ. ಕೂಗು ಕೇಳಿ ನಾನು ಓಡಿಬಂದಾಗ ಇವರು ಬಲಗೈಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಿಷನ್ನು ಅರಚುತ್ತಲೇ ಇತ್ತು. ಅಡುಗೆಮನೆಯ ಹುಡುಗರು ಸುತ್ತ ನಿಂತಿದ್ದರು, ನಿಲ್ಲಿಸುವುದು ಹೇಗೆ ಅಂತ ಒಬ್ಬನಿಗೂ ಗೊತ್ತಿಲ್ಲ. ನಾನು ಟ್ಯೂಬಿನ ಗಂಟನ್ನು ಉಗುರಲ್ಲಿ ಕಿತ್ತೆ, ಬರಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದೆ. ಆಗ ನಿಂತಿತು.

"ಬೆರಳು ಅಲ್ಲೆಲ್ಲಾರ ಬಿದ್ದವಾ ನೋಡಮ್ಮಿ" ಅಂದರು ಇವರು, ಮೆಲ್ಲಗೆ.

ಮಂಡಿಯೂರಿ ಹುಡುಕಿದೆ. ಕತ್ತರಿಸಿದ ಹುಲ್ಲನ್ನು ಹಿಡಿ ಹಿಡಿಯಾಗಿ ಎತ್ತಿ ಜಾಲಿಸಿದೆ. ಒಂದು ಸಿಕ್ಕಿತು. ಮಿಕ್ಕೆರಡು ಸಿಗಲಿಲ್ಲ. ಅದನ್ನೇ ಕರ್ಚೀಫಿನಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಗೆ ಹೋದೆವು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಇದು ಕೂಡುವುದಿಲ್ಲ ಅಂದರು ಡಾಕ್ಟರು. ಹೆಬ್ಬೆರಳು, ಕಿರುಬೆರಳು ಉಳಿದವು.

"ನಾವೇನು ಕಟ್ಟು ಅಂದಿದ್ವಾ?" ಅಂದರು ಮ್ಯಾನೇಜರು. ಇವರನ್ನು ಗೇಟು ಕಾಯುವ ಕೆಲಸಕ್ಕೆ ಹಾಕಿದರು. ಮಿಷನ್ನನ್ನು ಈಗ ಬೇರೆಯವನು ತಳ್ಳುತ್ತಾನೆ. ಒಂದು ದಿನವೂ ಕೆಟ್ಟಿಲ್ಲ. ನಂಬಿಕಸ್ತ ಮಾಲೇ, ಬಿಡಿ.

ಮನೆಯಲ್ಲಿ ಊಟದ್ದೇ ಸಂಕಟ. ಎರಡು ಬೆರಳಲ್ಲಿ ಮುದ್ದೆ ಮುರಿಯಲಾಗುವುದಿಲ್ಲ. ಎಡಗೈಯಲ್ಲಿ ಉಣ್ಣಿ ಅಂದರೆ, "ತೊಳ್ಯೋ ಕೈಲಿ ಉಣ್ಣಾದಾ? ಥೂ" ಅನ್ನುವರು. ಚಮಚ ಕೊಟ್ಟರೆ, "ನಾನೇನ್ ರೆಸಾರ್ಟಿಗೆ ಬಂದೋನಾ?" ಅಂತ ಎಸೆಯುವರು. ಉಮ್ಮತ್ತೂರಿನಲ್ಲಿ ನನ್ನ ತಂಗಿಯ ಮಗಳ ಮದುವೆಯಲ್ಲಿ ಎಲೆ ಹಾಕಿದ ಮೇಲೆ ಹೊಟ್ಟೆನೋವು ಅಂತ ಪಂಕ್ತಿಯಿಂದ ಎದ್ದು ಹೋದರು. ಕೊನೆಗೆ ನಾನೇ ಬಾಗಿಲು ಹಾಕಿಕೊಂಡು ಮುರಿದು ಬಾಯಿಗಿಡುತ್ತಿದ್ದೆ.

ಒಂದು ಮಧ್ಯಾಹ್ನ ನನಗೆ ಜ್ವರ. ಅಡುಗೆ ಮಾಡಿಟ್ಟು ಮಲಗಿದವಳು ಕಣ್ಣು ಬಿಟ್ಟು ನೋಡಿದರೆ, ಇವರು ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಎರಡೂ ಕೈ ತೊಡೆಯ ಮೇಲಿವೆ. ಬಗ್ಗಿ ತಟ್ಟೆಗೆ ಬಾಯಿ ಹಾಕಿ ತಿನ್ನುತ್ತಿದ್ದಾರೆ.

ಎದ್ದು ಹೋಗಿ ಬೆನ್ನಿಗೆ ಗುದ್ದಿದೆ, ಬಾಯಿಗೆ ಬಂದ ಹಾಗೆ ಬೈದೆ, ಅತ್ತುಬಿಟ್ಟೆ. ಆಮೇಲೆ ನಾನೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತೆ. ನನ್ನ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಎಡಗೈಯಲ್ಲಿ ಮುದ್ದೆ ಮುರಿದೆ. ಸಾರಿಗೆ ಅದ್ದಿದರೆ ಜಾರಿ ಸೀರೆಯ ಮೇಲೆ ಬಿತ್ತು.

"ನಿಂಗೇನ್ ಬಂದದಮ್ಮಿ? ನಿನ್ ಕೈ ನೆಟ್ಗದಲ್ಲ" ಅಂದರು.

"ನೀವು ಉಣ್ಣೋಗಂಟ ನಂಗೂ ಆ ಕೈ ಇಲ್ಲ ಅನ್ಕಳಿ" ಅಂದೆ.

ನನ್ನ ತಟ್ಟೆ ನೋಡಿದರು. ಆಮೇಲೆ ಇವರ ಎಡಗೈ ತಟ್ಟೆಗೆ ಬಂತು. ಇಬ್ಬರೂ ಸೇರಿ ಒಂದು ಮುದ್ದೆಯನ್ನೂ ಸರಿಯಾಗಿ ತಿನ್ನಲಿಲ್ಲ, ನೆಲದ ತುಂಬ ಸಾರು ಚೆಲ್ಲಿತು. ಒರೆಸಲು ನಾನು ಏಳಹೋದರೆ ಇವರು ತಡೆದರು. ತಾವೇ ಬಟ್ಟೆ ತಂದು, ಮಂಡಿಯೂರಿ, ಬಲಗೈಯಲ್ಲಿ ನೆಲ ಒರೆಸಿದರು.