ಅರಿಶಿನ ಹಚ್ಚಿದ ಕಿವಿ

ಮೋಡ ಕವಿದ ದಿನ ಹಳೆಯ ಕಂಬಳಿ ತಾನಾಗಿಯೇ ವಾಸನೆ ಬಿಡುತ್ತದೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಬಲ್ಲಿರಿ: ಕುರಿ, ಹೊಗೆ, ಹಸಿಮಣ್ಣು ಎಲ್ಲ ಕಲೆತ ವಾಸನೆ. ಮೊನ್ನೆ ನಾರಾಯಣಪೇಟೆಯ ನಮ್ಮ ಪಡಸಾಲೆಯಲ್ಲಿ ಅವ್ವನ ಕಂಬಳಿಯನ್ನು ಮೊಣಕಾಲ ಮೇಲೆ ಎಳೆದುಕೊಂಡು, ಫೋನಿನಲ್ಲಿ ಹಣಕಾಸಿನ ಪದಗಳ ಅರ್ಥ ಓದುತ್ತ ಕೂತಿದ್ದೆ. ಎದುರಿಗೆ ತಮ್ಮ ಮೈಲಾರಿ ಚಹಾ ಊದುತ್ತಿದ್ದ. ಗದ್ವಾಲದಲ್ಲಿ ಸೀರೆ ಅಂಗಡಿ ಹಾಕುತ್ತಾನಂತೆ. ಸಾಲ ಕೇಳಲು ಬೆಳಗಿನ ಬಸ್ಸಿಗೆ ಬಂದಿದ್ದ, ಕೇಳಿಯೂ ಆಗಿತ್ತು. ನನ್ನ ಬಾಯಿಂದ ಮಾತು ಬರುವುದೊಂದೇ ಬಾಕಿ.

ಆ ಪದಗಳನ್ನು ಕಳಿಸಿದವಳು ಮಗಳು. ಹೈದರಾಬಾದಿನ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಾಳೆ, ಪುರಸತ್ತಾದಾಗ ನನಗೂ ಕಲಿಸುತ್ತಾಳೆ. "ಯವ್ವಾ, ನಿನ್ನ ಪಿಂಚಣಿ ಗಂಟು ಅದೊಂದೇ ಐತಿ. ಕೊಡೂದಾದ್ರ ಸಾಲ ಅಂತ್ಲೇ ಕೊಡು, ಕಾಗದ ಮಾಡ್ಸು. ಹಿಸ್ಸಾ ಗಿಸ್ಸಾ ಅಂತ ಒಳಗ ಇಳೀಬ್ಯಾಡ. ಅಂಗಡಿ ಮುಳುಗಿದ್ರ ನೀನೂ ಮುಳುಗ್ತಿ" ಎಂದಿದ್ದಳು. ಬುದ್ಧಿಯ ಮಾತೇ. ತಾಯಿಗೆ ಬುದ್ಧಿ ಹೇಳುವ ವಯಸ್ಸು ಅವಳಿಗೆ ಯಾವಾಗ ಬಂತೋ, ನಾನು ನೋಡಲೇ ಇಲ್ಲ.

ಜೀವಮಾನವಿಡೀ ಕರೆಂಟ್ ಆಫೀಸಿನಲ್ಲಿ ಬಿಲ್ಲು ಬರೆದವಳು ನಾನು. ಆದರೂ 'ಲಿಕ್ವಿಡಿಟಿ' ಎಂಬಲ್ಲಿಗೆ ಬಂದಾಗ ತೂಕಡಿಕೆ ಹತ್ತಿತು. ಬೇಕೆಂದಾಗ ನಗದಾಗುವ ಗುಣವಂತೆ. ಡಿವಿಡೆಂಡ್ ಅಂದರೆ ಲಾಭದಲ್ಲಿ ಬರುವ ಪಾಲಂತೆ. ಈಕ್ವಿಟಿ ಅಂದರೆ ಒಡೆತನದ ಪಾಲು, ಲಾಭ ನಷ್ಟ ಎರಡಕ್ಕೂ ಕೊರಳು ಕೊಡುವುದಂತೆ. ಅಷ್ಟು ಓದುವಾಗ ಕಂಬಳಿಯ ವಾಸನೆ ಮೂಗಿಗೆ ಬಂತು ನೋಡಿ, ಕಣ್ಣು ಫೋನಿನ ಮೇಲೇ ಇದ್ದರೂ ಮನಸ್ಸು ಮಾಗನೂರಿನ ದಾರಿ ಹಿಡಿಯಿತು.

ಮಾಗನೂರು ಅವ್ವನ ತವರು. ಕುರಿ ಕಾಯುವ ಮನೆತನ. ಆ ಮನೆಯಲ್ಲಿ ಮಗಳನ್ನು ಕೊಟ್ಟು ಕಳಿಸುವಾಗ ಬಳುವಳಿಯೆಂದು ಕುರಿ ಕೊಡುತ್ತಿದ್ದರು, ಆದರೆ ಅವು ಮಗಳ ಹಿಂದೆ ಹೋಗುತ್ತಿರಲಿಲ್ಲ. ಅಣ್ಣನ ಹಿಂಡಿನಲ್ಲೇ ಮೇಯುತ್ತಿದ್ದವು. ಹುಟ್ಟಿದ ಮರಿಗಳಲ್ಲಿ ಅರ್ಧ ಕಾಯ್ದವನಿಗೆ, ಅರ್ಧ ಅವಳಿಗೆ. ಗುರುತಿಗೆಂದು ಅವ್ವನ ಕುರಿಗಳ ಎಡಗಿವಿಯ ಅಂಚನ್ನು ಚಂದ್ರನ ಹಾಗೆ ಕತ್ತರಿಸಿರುತ್ತಿದ್ದರು. ಅಣ್ಣ ಮಾಳಪ್ಪನ ಕುರಿಗಳದು ಇಡೀ ಕಿವಿ. ಅಡವಿಯಲ್ಲಿ ಕುರಿ ಸತ್ತರೆ ಕಾಯುವವನು ಆ ಕಿವಿಯನ್ನು ಕೊಯ್ದು ತಂದು ಒಡೆಯರ ಮುಂದಿಡಬೇಕು. ಇಲ್ಲವಾದರೆ ಮಾರಿಕೊಂಡ ಅನ್ನುತ್ತಾರಲ್ಲ.

ಮಕ್ತಲ್‌ನ ನಮ್ಮ ಮನೆಗೆ ಮಾಳಪ್ಪ ಮಾವ ಬಂದನೆಂದರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಮಾವ. ಅಪ್ಪನಿಗೆ ದಲ್ಲಾಳಿ ಅಂಗಡಿ. ಮನುಷ್ಯನನ್ನು ಕಂಡರೂ ತಕ್ಕಡಿಗೆ ಹಾಕಿ ನೋಡುವ ಸ್ವಭಾವ. "ನಿಮ್ಮಣ್ಣನ ಹಿಂಡಿನ್ಯಾಗ ಮದ್ಲ ಸಾಯೂವು ನಿನ್ನವೇ ಆಗಿರ್ತಾವ ನೋಡು" ಎಂದು ಅವ್ವನನ್ನು ಚುಚ್ಚುವನು. ಅವ್ವ ರೊಟ್ಟಿ ಬಡಿಯುವ ಸದ್ದು ಜೋರು ಮಾಡುವಳು. ಅವಳದೆಂದು ಹೇಳಿಕೊಳ್ಳಲು ಈ ಲೋಕದಲ್ಲಿದ್ದದ್ದು ಆ ಕುರಿ, ಆ ಅಣ್ಣ. ಒಂದರ ದೆಸೆಯಿಂದ ಇನ್ನೊಂದು ಕೈಬಿಟ್ಟು ಹೋದೀತೆಂಬ ದಿಗಿಲು ಅವಳನ್ನು ಬಿಟ್ಟದ್ದೇ ಇಲ್ಲ.

ಒಂದು ಮಳೆಗಾಲ ಆ ಸೀಮೆಯ ಕುರಿಗಳಿಗೆಲ್ಲ ಬ್ಯಾನಿ ಬಡಿಯಿತು. ಹಿಂಡು ಅರ್ಧವಾಯಿತೆಂಬ ಸುದ್ದಿಯ ಹಿಂದೆಯೇ ಮಾವ ಬಂದ. ಕೈಯಲ್ಲಿ ಕೊಯ್ದ ಕಿವಿಗಳ ಗಂಟಿರಲಿಲ್ಲ. ಕಟ್ಟೆಯ ಮೇಲೆ ಕೂತು ನೀರು ಕುಡಿದು, "ನಿನ್ನವು ಒಂದೂ ಹೋಗಿಲ್ಲವ್ವಾ. ನಮ್ಮ ದೇವ್ರು ಬೀರಪ್ಪ ಕಾಯ್ದ" ಎಂದ.

ಅಪ್ಪನ ಮುಖ ಅರಳಿತು. ಅವ್ವ ಸುಮ್ಮನೆ ಅಣ್ಣನ ಸೊರಗಿದ ಗಲ್ಲ ನೋಡುತ್ತಿದ್ದಳು. ಮರುದಿನ ಬೆಳಕು ಹರಿಯುತ್ತಲೇ ನನ್ನ ಕೈಹಿಡಿದು ಮಾಗನೂರಿಗೆ ಹೊರಟಳು.

ಆ ಬೆಳಗು ನನಗೆ ಈಗಲೂ ಕನಸಿನಲ್ಲಿ ಕಂಡಂತೆಯೇ ಇದೆ. ಹೊಳೆಯ ಕಡೆಯಿಂದ ಮಂಜು ಎದ್ದು, ಹೊಲದಲ್ಲಿ ತರುಬಿದ ಕುರಿಗಳ ಕಾಲೇ ಕಾಣುತ್ತಿರಲಿಲ್ಲ, ಬೆನ್ನುಗಳು ಮಾತ್ರ ತೇಲುತ್ತಿದ್ದವು. ಹಿಂಡು ನಿಜವಾಗಿಯೂ ಸಣ್ಣದಾಗಿತ್ತು. ಅವ್ವ ನಡುವೆ ನುಗ್ಗಿ ಒಂದೊಂದೇ ಕುರಿಯ ಎಡಗಿವಿ ಹಿಡಿದು ನೋಡಿದಳು. ಕೆಲವಕ್ಕೆ ಕತ್ತರಿಸಿದ ಗುರುತು ಹಳೆಯದು, ಒಣಗಿದ್ದು. ಬಹಳಷ್ಟಕ್ಕೆ ಹೊಸದು. ಗಾಯ ಇನ್ನೂ ಹಸಿ, ಮೇಲೆ ಅರಿಶಿನ ಹಚ್ಚಿತ್ತು. ಅವಳ ಬೆರಳು ಹಳದಿಯಾಯಿತು.

ಸತ್ತವು ಅವ್ವನವೇ. ಬದುಕಿ ಉಳಿದ ತನ್ನ ಕುರಿಗಳ ಕಿವಿ ಕೊಯ್ದು ಮಾವ ಅವನ್ನು ತಂಗಿಯವಾಗಿ ಮಾಡಿಟ್ಟಿದ್ದ.

"ಇದೇನಣ್ಣಾ?" ಎಂದಳು.

ಮಾವ ಕೋಲಿನಿಂದ ನೆಲ ಗೀರುತ್ತ ನಿಂತ. "ಹೆಣ್ಮಗಳಿಗೆ ತವರಿನವ್ರು ಕೊಟ್ಟಿದ್ದು ಸಾಯಬಾರ್ದವ್ವಾ. ಆ ಕಿವಿ ತಗೊಂಡು ನಿನ್ನ ಬಾಗ್ಲಿಗಿ ಹ್ಯಾಂಗ ಬರ್ಲಿ?"

ಅವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. "ಮರಿ ಹುಟ್ಟಿದಾಗ ಹಿಸ್ಸಾ ಬೇಕು, ಸತ್ತಾಗ ಬ್ಯಾಡ ಅಂದ್ರ ನಾ ನಿನಗ ತಂಗಿ ಹ್ಯಾಂಗ ಆದೆ? ಬಡ್ಡಿ ಸಾವ್ಕಾರ್ತಿ ಆದೆ. ನನ್ನ ನುಕ್ಸಾನ ನನಗ ಕೊಡು."

ಇಬ್ಬರೂ ಅತ್ತರು. ನನಗೆ ಏನೂ ತಿಳಿಯದೆ ನಾನೂ ಅತ್ತೆ. ಆದರೆ ಕೊಯ್ದ ಕಿವಿ ಕೂಡುತ್ತದೆಯೇ? ಉಳಿದವನ್ನು ಇಬ್ಬರೂ ಸಮ ಮಾಡಿಕೊಂಡರು. ಅಂದಿನಿಂದ ಇಡೀ ಹಿಂಡಿಗೆ ಒಂದೇ ಗುರುತು, ಚಂದ್ರ. ಸತ್ತರೆ ಇಬ್ಬರದೂ, ಈದರೆ ಇಬ್ಬರದೂ. ಅಪ್ಪ ಇದನ್ನು ದಡ್ಡರ ವ್ಯಾಪಾರ ಎಂದ. ಮುಂದೆ ಅದೇ ಹಿಂಡಿನ ಉಣ್ಣೆಯ ಕಂಬಳಿಯನ್ನು ಚಳಿಗಾಲವಿಡೀ ಹೊದ್ದುಕೊಂಡ, ಆ ಮಾತು ಬೇರೆ.

"ಯಕ್ಕಾ, ನಿದ್ದಿ ಹತ್ತೇನು?"

ಮೈಲಾರಿಯ ಚಹಾ ಮುಗಿದಿತ್ತು. ಖಾಲಿ ಲೋಟವನ್ನು ಸುಮ್ಮನೆ ತಿರುವುತ್ತಿದ್ದ. ನನ್ನ ಮುಂದೆ ಹೀಗೆ ಬೀಗರ ಮನೆಯಲ್ಲಿ ಕೂತ ಹಾಗೆ ಅವನು ಎಂದೂ ಕೂತವನಲ್ಲ. ಸಾಲ ಅನ್ನುವ ಒಂದು ಮಾತಿಗೆ ಇಷ್ಟಾಗಿದೆ, ಇನ್ನು ಕಾಗದ ಮಾಡಿಸಿದರೆ ಏನಾದೀತು ಅನ್ನಿಸಿತು. ಫೋನು ಆರಿಸಿಟ್ಟೆ.

"ಸಾಲ ಕೊಡಂಗಿಲ್ಲಪ್ಪ."

ಅವನ ಮುಖ ಸಣ್ಣದಾಯಿತು. "ಇರ್ಲಿ ಬಿಡು ಯಕ್ಕಾ" ಎಂದು ಏಳಲು ಹೋದ.

"ಕೂಡು. ಗಂಟಿನಾಗ ಅರ್ಧ ಹಾಕ್ತೀನಿ, ಹಿಸ್ಸಾ ಅಂತ. ಉಳಿದರ್ಧ ನನ್ನ ಮುಪ್ಪಿಗಿರ್ಲಿ. ಇಲ್ಲಾಂದ್ರ ಮಗಳು ನನ್ನ ಜೀವ ತಿಂತಾಳ."

ಅವನು ಲೋಟ ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ನುಕ್ಸಾನ ಆತಂದ್ರ?" ಎಂದ.

"ಕಿವಿ ತಂದು ತೋರ್ಸು."

ಅವ್ವನ ಬಾಯಿಂದ ಆ ಕತೆ ಕೇಳಿ ಬೆಳೆದವನು ಅವನು. ನಗುತ್ತ ತನ್ನ ಎಡಗಿವಿ ಮುಟ್ಟಿಕೊಂಡ. ಕಣ್ಣು ತುಂಬಿತ್ತು. ನಾನು ಕಂಬಳಿಯ ಅರ್ಧ ಅವನ ಕಡೆ ಸರಿಸಿ, ಇನ್ನೊಂದು ಲೋಟ ಚಹಾ ಬಗ್ಗಿಸಿದೆ.