ಬೇಕೆಂದೇ ತಪ್ಪಿದ ಪರೀಕ್ಷೆ

ಕೊಯ್ಲಿಗೆ ಮುಂಚೆ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಾಗ ಹೊರಗೆ ಹಾರುವ ಮೊಲಗಳನ್ನು ಅಟ್ಟಿ ಅಟ್ಟಿ ಲವಾನ್ ಮಿಕೆನ್ಸ್ ಓಡುವುದನ್ನು ಕಲಿತ ಎಂದು ಪತ್ರಿಕೆಗಳು ಬರೆದವು. ಫ್ಲಾರಿಡಾದ ಈ ದೊಡ್ಡ ಸರೋವರದ ದಂಡೆಯಿಂದ ಯಾವ ಕರಿಯ ಹುಡುಗ, ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಹೆಸರು ಮಾಡಿದರೂ ಅವರು ಬರೆಯುವುದು ಅದನ್ನೇ. ಆ ಮೊಲದ ಕಥೆ ಕೇಳಿದರೆ ಅವನ ಹೆಂಡತಿ ವನೆಟಾಗೆ ಮೈಯೆಲ್ಲ ಉರಿಯುತ್ತಿತ್ತು. ಲವಾನ್ ತನ್ನ ಜನ್ಮದಲ್ಲಿ ಒಂದು ಮೊಲವನ್ನೂ ಹಿಡಿದವನಲ್ಲ. ಕಬ್ಬಿನ ಹೊಗೆ ಕುಡಿದರೆ ಅವನಿಗೆ ಉಬ್ಬಸ ಬರುತ್ತಿತ್ತು.

ಅವನು ಕಲಿತದ್ದು ಓಡುವುದನ್ನಲ್ಲ, ಹಿಡಿಯುವುದನ್ನು. ಕಲಿತ ಜಾಗ ಕೋಸಿನ ಹೊಲ. ತಾಯಿ ಅರ್ನೆಸ್ಟೀನ್ ಕೋಸು ಕೊಯ್ದು ಕೆಳಗಿನಿಂದ ಎಸೆಯುವಳು, ಮೆಲ್ಲಗೆ ಸಾಗುವ ಲಾರಿಯ ಮೇಲೆ ನಿಂತ ಮಗ ಹಿಡಿಯಬೇಕು. ಎದೆಗೆ ಬಡಿಸಿಕೊಂಡು ಹಿಡಿದರೆ ಹೊರಗಿನ ಎಲೆ ಹರಿಯುತ್ತದೆ, ಹರಿದ ಕೋಸನ್ನು ಮೇಸ್ತ್ರಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತು ಬೆರಳು ಬಿಡಿಸಿ, ಬರುವ ವೇಗಕ್ಕೆ ಕೈಯನ್ನು ಸ್ವಲ್ಪ ಹಿಂದಕ್ಕೆಳೆದು, ಸದ್ದಾಗದಂತೆ ಹಿಡಿಯಬೇಕು. ಆ ಕೈಗಳೇ ಅವನನ್ನು ಹೈಸ್ಕೂಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಉತ್ತರದ ಒಂದು ದೊಡ್ಡ ತಂಡಕ್ಕೆ ಕರೆದೊಯ್ದವು. ಅಲ್ಲಿ ಅವನು ಹನ್ನೊಂದು ವರ್ಷ ರಿಸೀವರ್ ಆಗಿದ್ದ. ದೂರದಿಂದ ಎಸೆದ ಚೆಂಡನ್ನು ಓಡುತ್ತ ಹಿಡಿಯುವುದೇ ಅವನ ಕೆಲಸ.

ಆ ಕೆಲಸದ ಕೇಡು ಏನೆಂದರೆ, ಚೆಂಡಿಗೆ ಕಣ್ಣು ನೆಟ್ಟವನಿಗೆ ಎದುರಿನಿಂದ ನುಗ್ಗುವ ಆಳು ಕಾಣುವುದಿಲ್ಲ. ಕೈ ಎರಡೂ ಮೇಲಿರುತ್ತವೆ, ತಲೆ ಬಯಲಿನಲ್ಲಿರುತ್ತದೆ. ನೂರು ಕಿಲೋ ತೂಕದವನು ಓಡಿ ಬಂದು ಅಲ್ಲಿಗೇ ಹೊಡೆಯುತ್ತಾನೆ. ಜನ ಎದ್ದು ನಿಂತು ಕೂಗುತ್ತಾರೆ.

ಲವಾನ್‌ಗೆ ಈಗ ನಲವತ್ತಾರು. ಗ್ಯಾಸ್ ಒಲೆ ಹಚ್ಚಿ ಮರೆಯುತ್ತಾನೆ. ಸತ್ತು ಹೋದ ತಾಯಿಗೆ ಊಟದ ತಟ್ಟೆ ಇಡುತ್ತಾನೆ. ಹೋದ ಮಾರ್ಚ್‌ನಲ್ಲಿ ವನೆಟಾ ಶಾಲೆಯ ಬಸ್ ಓಡಿಸಿಕೊಂಡು ಬರುವಾಗ, ಕಾಲುವೆಯ ಏರಿಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದ ಗಂಡ ಕಂಡ. ಬಸ್ಸಿನ ತುಂಬ ಮಕ್ಕಳು. ನಿಲ್ಲಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಕಾಲುವೆಯಲ್ಲಿ ಮೊಸಳೆಗಳಿವೆ. ಅಂದೇ ಅವಳು ನಿರ್ಧರಿಸಿದಳು: ಹಗಲು ಹೊತ್ತು ಇವನ ಜೊತೆ ಇರುವುದಕ್ಕೆ ರೋಗಿಯನ್ನು ನೋಡಿಕೊಳ್ಳುವುದು ತಿಳಿದ ಒಬ್ಬ ಆಳು ಬೇಕು. ತಲೆಗೆ ಪೆಟ್ಟಾದ ಹಳೆಯ ಆಟಗಾರರಿಗೆ ಅಂಥ ಆಳನ್ನು ಕೊಡುವ ಒಂದು ಸಮಿತಿ ಇತ್ತು. ಅಲ್ಲಿ ಒಪ್ಪಿದರೆ ಆಳು. ಒಪ್ಪದಿದ್ದರೆ ಸರ್ಕಾರದ ಆಶ್ರಮ. ಅಲ್ಲಿ ಮಧ್ಯಾಹ್ನವೇ ಮಾತ್ರೆ ಕೊಟ್ಟು ಮಲಗಿಸುತ್ತಾರೆ ಎಂಬುದನ್ನು ತನ್ನ ಚಿಕ್ಕಪ್ಪನ ವಿಷಯದಲ್ಲಿ ಅವಳು ಕಣ್ಣಾರೆ ಕಂಡಿದ್ದಳು.

ಸಮಿತಿಯ ಡಾಕ್ಟರ್ ವಿಟ್‌ಲಾಕ್, ಸಮುದ್ರದ ಕಡೆಯ ನಗರದ ತನ್ನ ಕೋಣೆಯಲ್ಲಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ತೆರೆಯ ಮೇಲೆ ಎರಡು ಗೆರೆಗಳಿದ್ದವು.

"ಇದು ಇವರು ತಂಡಕ್ಕೆ ಸೇರಿದಾಗ, ಮೈಗೆ ಒಂದು ಪೆಟ್ಟೂ ಬೀಳೋ ಮುಂಚೆ ತಗೊಂಡ ನೆನಪಿನ ಪರೀಕ್ಷೆ. ಇದು ಇವತ್ತಿಂದು. ಎರಡೂ ಹೆಚ್ಚುಕಡಿಮೆ ಒಂದೇ. ಇಳಿಕೆ ಕಾಣಲ್ಲ, ಅದಕ್ಕೇ ಒಪ್ಪಕ್ಕಾಗಲ್ಲ."

"ಅಂದ್ರೆ ನನ್ನ ಗಂಡ ಮೊದ್ಲಿಂದ್ಲೂ ಪೆದ್ದ ಅಂತ ಹೇಳ್ತಿದೀರ."

"ನಾನು ಆ ಮಾತು ಆಡ್ಲಿಲ್ಲ ಅಮ್ಮಾ."

"ಆಡ್ಬೇಕಾಗಿಲ್ಲ. ಗೆರೆ ಎಳೆದು ತೋರಿಸಿದೀರಲ್ಲ."

ಲವಾನ್ ತೆರೆಯನ್ನು ನೋಡುತ್ತ ನಸುನಕ್ಕ. ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ನಗೆ ಅದು. "ಸರಿಯಾಗಿದೆ," ಎಂದ. "ಜಾಸ್ತಿ ಕೆಳಗೂ ಹೋಗಿಲ್ಲ."

ಕಾರಿನಲ್ಲಿ ಕೂತ ಮೇಲೆ, ಆ ನಗೆ ಯಾಕೆ ಎಂದು ವನೆಟಾ ಕೇಳಿದಳು. ಮೊನ್ನೆಯದು ನೆನಪಿಲ್ಲದವನು ಇಪ್ಪತ್ತನಾಲ್ಕು ವರ್ಷದ ಹಿಂದಿನದನ್ನು ಸಲೀಸಾಗಿ ಹೇಳಿದ.

ತರಬೇತಿ ಶಿಬಿರದ ಮೊದಲ ದಿನ ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು. ಪದಗಳು ಬರುತ್ತವೆ, ಆಕಾರಗಳು ಬರುತ್ತವೆ, ನೆನಪಿಟ್ಟು ಗುಂಡಿ ಒತ್ತಬೇಕು. ಮುಂದೆ ಯಾವತ್ತಾದರೂ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ ಕೊಡುತ್ತಾರೆ. ಮೊದಲಿನಷ್ಟು ಬಂದರೆ ಆಟ, ಬರದಿದ್ದರೆ ಬೆಂಚು. ಬೆಂಚಿನ ಮೇಲೆ ಎರಡು ವಾರ ಕೂತವನ ಜಾಗದಲ್ಲಿ ಮೂರನೆಯ ವಾರ ಇನ್ನೊಬ್ಬನಿರುತ್ತಾನೆ. ಆದ್ದರಿಂದ ರಿಸೀವರುಗಳ ಕೋಣೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಪರೀಕ್ಷೆಯ ಹಿಂದಿನ ದಿನ ಹೊಸಬರು ಹಿರಿಯರಿಗೆ ಕರಿದ ಕೋಳಿ ತಂದುಕೊಡುವುದು, ತಿಂದು ಕೈ ಒರೆಸಿಕೊಂಡು ಹಿರಿಯನು ಅವರಿಗೆ ತಪ್ಪು ಮಾಡುವುದನ್ನು ಕಲಿಸುವುದು. ಮೊದಲ ಪರೀಕ್ಷೆಯನ್ನೇ ಕೆಡಿಸಿಕೊಂಡರೆ ಆಮೇಲೆ ತಲೆ ಎಷ್ಟು ಕೆಟ್ಟರೂ ಗೊತ್ತಾಗುವುದಿಲ್ಲ. ಕೋಣೆಯ ಮಾತು ಕೋಣೆಯಲ್ಲೇ ಇರಬೇಕು, ಹೆಂಡತಿಗೂ ಹೇಳಬಾರದು.

"ನಂಗೆ ಹೇಳ್ಕೊಟ್ಟಿದ್ದು ಹಾರ್ಲಿನ್ ಟೀಗ್, ನಮ್ಮ ಕೋಣೆಯ ದೊಡ್ಡಣ್ಣ," ಎಂದ ಲವಾನ್, ಹೆಮ್ಮೆಯಿಂದ.

ವನೆಟಾ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು.

"ಹಾಗಿದ್ರೂ ಇರಬಹುದು," ಎಂದ ವಿಟ್‌ಲಾಕ್. "ಆದ್ರೆ ಅವರ ಮಾತೊಂದನ್ನೇ ಸಾಕ್ಷಿ ಅಂತ ತಗೊಳ್ಳಕ್ಕಾಗಲ್ಲ. ಅವರ ಈಗಿನ ನೆನಪು ನಂಬೋ ಹಾಗಿಲ್ಲವಲ್ಲ."

"ಇವರಿಗೆ ಮರೆವಿಲ್ಲ ಅಂದಿದ್ದೂ ನೀವೇ, ನೆನಪು ನಂಬಕ್ಕಾಗಲ್ಲ ಅನ್ನೋದೂ ನೀವೇ. ಯಾವುದಾದ್ರೂ ಒಂದು ಇಟ್ಕೊಳ್ಳಿ ಸ್ವಾಮಿ."

ರಿಸೀವರುಗಳ ಆ ಕೋಣೆಯಲ್ಲಿದ್ದ ಇನ್ನೊಬ್ಬರು ಬಂದು ಹೇಳಿದರೆ ಸಮಿತಿ ಮತ್ತೆ ಕೂರುತ್ತದೆ ಎಂದು ತೀರ್ಮಾನವಾಯಿತು.

ಹಾರ್ಲಿನ್ ಟೀಗ್‌ಗೆ ಆರ್ಲ್ಯಾಂಡೊ ಹತ್ತಿರ ಕಾರು ಮಾರುವ ಅಂಗಡಿ ಇತ್ತು. ಹೆದ್ದಾರಿಯ ಫಲಕದಲ್ಲಿ ಚೆಂಡು ಹಿಡಿದು ಹಲ್ಲು ಬಿಡುವ ಅವನ ಚಿತ್ರ. ಶನಿವಾರ ಗಂಡ ಹೆಂಡತಿ ಅಲ್ಲಿಗೆ ಹೋದರು. ಟೀಗ್ ಲವಾನನನ್ನು ತಬ್ಬಿಕೊಂಡು ಬೆನ್ನು ತಟ್ಟಿದ.

"ಏನೋ ಕೋಸಿನ ಹೊಲದ ಹುಡುಗಾ, ಹೊಟ್ಟೆ ಬಂದಿದೆ ನಿಂಗೆ."

"ನಿಂಗೆ ಕೂದ್ಲು ಹೋಗಿದೆ ದೊಡ್ಡಣ್ಣಾ."

ಲವಾನ್ ಕೆಂಪು ಟ್ರಕ್ಕೊಂದನ್ನು ನೋಡಲು ಹೋದ. ವನೆಟಾ ಬಂದ ವಿಷಯ ಹೇಳಿದಳು. ಟೀಗ್ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಸಿದ. ಮೇಜಿನ ಮೇಲಿದ್ದ ಅವನ ಬಲಗೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಮುಚ್ಚಿಕೊಂಡ.

"ನಾನು ಹೇಳ್ಕೊಟ್ಟಿದ್ರಿಂದ್ಲೇ ಅವನು ಹನ್ನೊಂದು ವರ್ಷ ಆಡಿದ್ದು ಕಣಮ್ಮಾ. ಅದನ್ನ ಯಾರೂ ಹೇಳಲ್ಲ."

"ಅದನ್ನೇ ಬಂದು ಹೇಳಿ ಅಂತ ಕೇಳ್ತಿದೀನಿ."

"ಆಗಲ್ಲ."

"ನಿಮ್ದೂ ಅರ್ಜಿ ಇತ್ತು ಅಂತ ಕೇಳ್ದೆ. ಏನಾಯ್ತು?"

"ಒಪ್ಪಿದ್ರು."

"ಹೇಗೆ? ನಿಮ್ಮ ಮೊದಲ್ನೇ ಪರೀಕ್ಷೆನೂ ಕೆಟ್ಟಿರ್ಬೇಕಲ್ಲ?"

ಟೀಗ್ ಕಿಟಕಿಯತ್ತ ನೋಡಿದ. ಹೊರಗೆ ಲವಾನ್ ಟ್ರಕ್ಕಿನ ಚಕ್ರವನ್ನು ಕಾಲಲ್ಲಿ ಒದ್ದು ಪರೀಕ್ಷಿಸುತ್ತಿದ್ದ.

"ನಾನು ಸರಿಯಾಗೇ ಮಾಡಿದ್ದೆ," ಎಂದ ಟೀಗ್. "ಲವಾನ್ ಬಂದ ವರ್ಷ ಹಳಬರಿಗೂ ಹೊಸದಾಗಿ ಪರೀಕ್ಷೆ ತಗೊಂಡ್ರು, ನಂದು ಅದು ಕೊನೇ ವರ್ಷ. ಬೆಂಚಲ್ಲಿ ಕೂತ್ರೆ ಕಳ್ಕೊಳ್ಳೋದೇನೂ ಇರ್ಲಿಲ್ಲ. ಒಳ್ಳೇ ಅಂಕ ದಾಖಲೆಲಿರ್ಲಿ, ಮುಂದಕ್ಕೆ ಬೇಕಾಗತ್ತೆ ಅಂತ ನನ್ನ ವಕೀಲ ಹೇಳಿದ್ದ."

ವನೆಟಾಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಮೇಜಿನ ಮೇಲೆ ಬಾಗಿದಳು.

"ಹುಡುಗ್ರಿಗೆ ತಪ್ಪು ಮಾಡಿ ಅಂತ ಹೇಳಿ, ಅವರು ತಂದ ಕೋಳಿ ತಿಂದು, ಬೆಳಗಾದ್ರೆ ನೀವು ಸರಿಯಾಗಿ ಬರೆದ್ರಿ."

"ಅವತ್ತಿನ ಲೆಕ್ಕ ಹಾಗಿತ್ತು. ಈಗ ನಾನು ಬಂದು ಬಾಯಿ ಬಿಟ್ರೆ ಮೋಸ ಕಲಿಸಿದವನು ಅಂತ ನಂದೂ ಕಿತ್ಕೋತಾರೆ. ನನ್ನ ಕೈ ನೋಡಮ್ಮಾ."

"ನೋಡಿದೆ. ಕೈ ನಡುಗತ್ತೆ. ನಾಲಿಗೆ ಮಾತ್ರ ಗಟ್ಟಿಯಾಗಿದೆ."

ಅವಳು ಎದ್ದು ಬಂದಳು. ಬಾಗಿಲು ಬಡಿದ ಸದ್ದಿಗೆ ಅಂಗಡಿಯ ಹುಡುಗಿಯರು ತಲೆ ಎತ್ತಿದರು. ಕಾರು ಹೆದ್ದಾರಿಗೆ ಬಂದ ಮೇಲೆ ಲವಾನ್ ಹೇಳಿದ: "ದೊಡ್ಡಣ್ಣ ಒಳ್ಳೆಯವನು. ನಮ್ಮೆಲ್ಲರನ್ನೂ ಕಾಪಾಡಿದ."

ನಿಜ ಹೇಳಿದರೆ ಅರ್ಧ ಗಂಟೆಯಲ್ಲಿ ಮರೆಯುತ್ತಾನೆ. ಆ ಅರ್ಧ ಗಂಟೆಯಾದರೂ ಅವನೂ ತನ್ನ ಜೊತೆ ಉರಿಯಲಿ ಎಂದು ಅವಳಿಗೆ ಅನಿಸಿತು. ಬಾಯಿ ತೆರೆದಳು, ಮುಚ್ಚಿದಳು. ಅಷ್ಟರಲ್ಲಿ ಅವನೇ ಮುಂದುವರಿಸಿದ:

"ನಾನೂ ಹಾಗೇ ಕೋರ್ಡೆಲ್‌ಗೆ ಹೇಳ್ಕೊಟ್ಟೆ. ಜಾರ್ಜಿಯಾದ ಹುಡುಗ, ಕೋರ್ಡೆಲ್ ಸ್ಪೈವಿ. ಒಂದೇ ಸಲಕ್ಕೆ ಕಲ್ತ."

ಸಾಕ್ಷಿ ಸಿಕ್ಕಿತ್ತು. ಸಿಕ್ಕಬಾರದ ಕಡೆ ಸಿಕ್ಕಿತ್ತು.

ಫೋನ್ ಎತ್ತಿದವಳು ಕೋರ್ಡೆಲ್‌ನ ಹೆಂಡತಿ ಶರೀಸ್. ವನೆಟಾ ಹೆಸರು ಹೇಳಿದ್ದೇ ತಡ, ಅವಳ ದನಿ ಏರಿತು.

"ಯಾವ ಮಿಕೆನ್ಸ್? ನನ್ನ ಗಂಡಂಗೆ ತಲೆ ಕೆಡಿಸ್ಕೊಳ್ಳೋ ಪಾಠ ಹೇಳಿದವನ ಹೆಂಡ್ತೀನಾ?"

"ಹೌದು."

"ಎಷ್ಟು ಧೈರ್ಯ ನಿಂಗೆ. ನನ್ನ ಗಂಡಂಗೆ ಮೂವತ್ತೊಂಬತ್ತು. ಬೆಳಕು ಕಂಡ್ರಾಗಲ್ಲ, ಹಗಲೆಲ್ಲ ಪರದೆ ಎಳ್ಕೊಂಡು ಕೂತಿರ್ತಾನೆ. ಮಗಳು ನಕ್ರೆ ತಲೆ ಸಿಡಿಯತ್ತೆ ಅಂತ ಅವಳಿಗೆ ನಗಬೇಡ ಅಂತ ಹೇಳಿದೀನಿ. ಅರ್ಜಿ ಹಾಕಿದ್ರೆ ಮೊದ್ಲಿಂದ್ಲೂ ಇಷ್ಟೇ ಇದ್ದ ಅಂದ್ರು. ಯಾರು ಹೇಳ್ಕೊಟ್ಟಿದ್ದು? ನಿನ್ನ ಗಂಡ."

ಟೀಗ್‌ನ ಮೇಜಿನ ಮುಂದೆ ತಾನು ಆಡಿದ ಮಾತುಗಳೇ ಬಟ್ಟೆ ಬದಲಿಸಿ ತನ್ನ ಬಾಗಿಲಿಗೆ ಬಂದಿದ್ದವು. ಲವಾನ್ ಅದನ್ನು ಕಲಿತಾಗ ಇಪ್ಪತ್ತೆರಡರ ಹುಡುಗ, ಹಿರಿಯನು ಕಲಿಸಿದ್ದನ್ನೇ ಮುಂದಿನವನಿಗೆ ಕಲಿಸಿದ, ಎಂದು ಹೇಳಬಹುದಿತ್ತು. ಟೀಗ್ ಕೂಡ ಅಂಥದ್ದೇ ಏನೋ ಹೇಳಿದ್ದ. ಅವಳು ಹೇಳಲಿಲ್ಲ.

"ಬಯ್ಯಿ," ಎಂದಳು. "ನೀನು ಬಯ್ಯೋದ್ರಲ್ಲಿ ತಪ್ಪಿಲ್ಲ. ಬಯ್ದಾದ್ಮೇಲೆ ಒಂದು ಮಾತು ಕೇಳು. ನಿನ್ನ ಗಂಡ ಬಂದು ಇವನು ಕಲಿಸಿದ ಅನ್ಲಿ. ಇವನು ಹೌದು ಅನ್ಲಿ. ಇಬ್ಬರದೂ ಮೊದಲ್ನೇ ಪರೀಕ್ಷೆ ಸುಳ್ಳಾಗತ್ತೆ."

ಶರೀಸ್ ಇನ್ನಷ್ಟು ಬಯ್ದಳು. ಕೊನೆಗೆ, "ಬರ್ತೀವಿ. ನಿನ್ನ ಗಂಡನ ಮುಖ ನೋಡಕ್ಕಲ್ಲ," ಎಂದು ಫೋನ್ ಇಟ್ಟಳು.

ಸಮಿತಿ ಕೂತದ್ದು ಅಕ್ಟೋಬರಿನಲ್ಲಿ. ವಿಟ್‌ಲಾಕ್ ಜೊತೆಗೆ ಇನ್ನಿಬ್ಬರಿದ್ದರು. ಕೋರ್ಡೆಲ್ ಕಪ್ಪು ಕನ್ನಡಕ ಹಾಕಿಕೊಂಡು, ಶರೀಸಳ ತೋಳು ಹಿಡಿದು ಬಂದ. ನಡೆದದ್ದನ್ನೆಲ್ಲ ತಡವರಿಸುತ್ತ ಹೇಳಿ, ಕಲಿಸಿದವನು ಇವನೇ ಎಂದು ಬೆರಳು ತೋರಿಸಿದ.

"ಮಿಸ್ಟರ್ ಮಿಕೆನ್ಸ್, ಇದು ನಿಜಾನಾ?" ವಿಟ್‌ಲಾಕ್ ಕೇಳಿದ.

ಲವಾನ್ ಕೋರ್ಡೆಲ್‌ನ ಮುಖವನ್ನು ನೋಡಿದ, ಸಮಿತಿಯ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಅವನ ದವಡೆ ಬಿಗಿಯಿತು.

"ಇಲ್ಲ. ನಾನು ಯಾರಿಗೂ ಏನೂ ಕಲಿಸಿಲ್ಲ. ಈ ಹುಡುಗ ಅಂಥವನಲ್ಲ."

ಶರೀಸ್ ಅರ್ಧ ಎದ್ದಳು. "ನೋಡಿ. ಇವನ್ನ ನಂಬಿ ಆರು ಗಂಟೆ ಕಾರಲ್ಲಿ ಬಂದ್ವಿ."

ಕಾಲುವೆಯ ಏರಿ, ಆಶ್ರಮದ ಸಾಲು ಮಂಚಗಳು ವನೆಟಾಳ ಕಣ್ಣ ಮುಂದೆ ಬಂದವು. ಲವಾನ್ ಮೇಜಿನ ಕೆಳಗೆ ಕೋರ್ಡೆಲ್‌ನ ಮೊಣಕಾಲಿನ ಮೇಲೆ ಕೈಯಿಟ್ಟು, ಸುಮ್ಮನಿರು ಎಂಬಂತೆ ಒತ್ತುತ್ತಿದ್ದ. ಆಗ ಅವಳಿಗೆ ತಿಳಿಯಿತು. ಇವನು ಸುಳ್ಳು ಹೇಳುತ್ತಿರುವುದು ತನಗಾಗಿ ಅಲ್ಲ. ಇವನ ಮಟ್ಟಿಗೆ ಇದು ಶಿಬಿರ, ಇವರು ತಂಡದವರು, ಹೌದು ಎಂದರೆ ಹುಡುಗನನ್ನು ತೆಗೆದುಹಾಕುತ್ತಾರೆ.

ಕೋರ್ಡೆಲ್‌ಗೂ ಅದು ತಿಳಿದಿರಬೇಕು. ಅವನು ಕನ್ನಡಕ ತೆಗೆದ. ಬೆಳಕಿಗೆ ಕಣ್ಣು ಕಿರಿದಾಗಿ ನೀರು ಬಂತು.

"ಅಣ್ಣಾ, ನನ್ನ ನೋಡು. ನಂಗೂ ಗಡ್ಡ ಬೆಳ್ಳಗಾಗಿದೆ. ಆಟ ಮುಗೀತು. ಅವರು ನನ್ನ ತೆಗೆದು ಎಂಟು ವರ್ಷ ಆಯ್ತು."

"ತೆಗೆದ್ರಾ? ಯಾಕೆ?"

"ಚೆಂಡು ಎರಡೆರಡು ಕಾಣ್ತಿತ್ತು ಅಣ್ಣಾ. ಯಾವುದನ್ನ ಹಿಡೀಬೇಕು ಅಂತ ಗೊತ್ತಾಗ್ತಿರ್ಲಿಲ್ಲ."

ಲವಾನ್‌ನ ಮುಖ ಕಪ್ಪಿಟ್ಟಿತು. ಮೇಜಿನ ಮೇಲೆ ಎರಡೂ ಅಂಗೈ ಊರಿ ಎದ್ದು ನಿಂತ.

"ಎರಡು ಕಾಣೋ ಹುಡುಗನ್ನ ಆಡ್ಸಿದ್ರಾ ನೀವು?" ಎಂದು ವಿಟ್‌ಲಾಕನನ್ನು ಕೇಳಿದ. "ಪರೀಕ್ಷೆ ಮಾಡಿದ್ರಲ್ಲ, ಗೊತ್ತಾಗ್ಲಿಲ್ವಾ? ಪ್ರತಿ ವರ್ಷ ಒಂದು ಕೋಣೆಯ ಹುಡುಗ್ರೆಲ್ಲ ಪೆದ್ದರಾಗಿ ಬರ್ತಿದ್ರು. ರಿಸೀವರುಗಳೇ ಯಾಕೆ ಪೆದ್ದರು ಅಂತ ಒಬ್ಬನೂ ಕೇಳ್ಲಿಲ್ಲ. ಒಬ್ಬ ಕೇಳಿದ್ರೆ ನಾವು ಸಿಕ್ಕಿಬೀಳ್ತಿದ್ವಿ. ಸಿಕ್ಕಿಬೀಳ್ತೀವಿ ಅಂತ ಹೆದ್ರಿಕೊಂಡೇ ಕೂತಿದ್ವಿ. ಹೌದು, ನಾನೇ ಕಲಿಸಿದ್ದು. ಮೊದಲ್ನೇ ಪದ ಸರಿ ಒತ್ತು, ಎರಡ್ನೇದು ಬಿಡು. ಆಕಾರ ಬಂದಾಗ ಒಂದು ಉಸಿರು ತಡೆದು ಒತ್ತು. ಎಲ್ಲಾ ತಪ್ಪು ಮಾಡ್ಬೇಡ, ಮತ್ತೆ ಕೂರಿಸ್ತಾರೆ. ಬರ್ಕೊಳ್ಳಿ."

ವಿಟ್‌ಲಾಕ್ ಪಕ್ಕದ ಹೆಂಗಸು ಹಳೆಯ ಕಾಗದಗಳನ್ನು ಎಳೆದುಕೊಂಡು ಇಬ್ಬರ ಉತ್ತರಗಳನ್ನೂ ಒಂದರ ಪಕ್ಕ ಒಂದಿಟ್ಟು ಬೆರಳಾಡಿಸಿದಳು. ತಪ್ಪುಗಳು ಒಂದೇ ಹೆಜ್ಜೆ ಹಾಕಿದ್ದವು. ಎಲ್ಲರನ್ನೂ ಹೊರಗೆ ಕಳಿಸಿ, ಅರ್ಧ ಗಂಟೆಯ ನಂತರ ಒಳಗೆ ಕರೆದು, ಮೊದಲ ಪರೀಕ್ಷೆಗಳನ್ನು ಕೈಬಿಟ್ಟಿದ್ದೇವೆ, ಇಬ್ಬರಿಗೂ ಆಳು ಸಿಗುತ್ತದೆ ಎಂದರು. ವಿಟ್‌ಲಾಕ್ ಕೈ ಚಾಚಿದ.

"ಸರಿಹೋಯ್ತಲ್ಲ ಅಮ್ಮಾ, ಸಂತೋಷ."

"ನಿಮಗೆ ಸಂತೋಷ," ಎಂದಳು ವನೆಟಾ. ಅವಳ ಕೈ ಚೀಲದ ಮೇಲೆಯೇ ಇತ್ತು.

ಹೊರಗೆ ಕಾರುಗಳ ಹತ್ತಿರ ಲವಾನ್, ಬಿಸಿಲಿಗೆ ಬೆನ್ನು ಕೊಟ್ಟು, ತನ್ನ ನೆರಳಿನಲ್ಲಿ ಕೋರ್ಡೆಲ್‌ನನ್ನು ನಿಲ್ಲಿಸಿಕೊಂಡಿದ್ದ. ಒಳಗೆ ನಡೆದದ್ದು ಆಗಲೇ ಅವನ ಮುಖದಿಂದ ಹೋಗಿತ್ತು. ಶರೀಸ್ ಕಾರಿನ ಬಾಗಿಲು ತೆರೆದು ನಿಂತಳು, ವನೆಟಾಳನ್ನು ನೋಡಲಿಲ್ಲ.

"ನಾನು ಅವನ್ನ ಕ್ಷಮಿಸಿಲ್ಲ," ಎಂದಳು.

"ಕ್ಷಮಿಸು ಅಂತ ನಾನೂ ಕೇಳಿಲ್ಲ," ಎಂದಳು ವನೆಟಾ. "ಆರ್ಲ್ಯಾಂಡೊ ನಿಮ್ಮ ದಾರೀಲೇ ಸಿಗತ್ತೆ. ಹೆದ್ದಾರಿ ಪಕ್ಕ ಒಬ್ಬನ ಕಾರಿನಂಗಡಿ ಫಲಕ ಇದೆ, ಕೈಯಲ್ಲಿ ಚೆಂಡು. ಹಾರ್ಲಿನ್ ಟೀಗ್ ಅಂತ. ಇವನಿಗೆ ಕಲಿಸಿದವನು."

ಶರೀಸ್ ಮೊದಲ ಸಲ ತಿರುಗಿ ನೋಡಿದಳು.

"ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರತ್ತೆ?"